ಧೂಳು ತುಂಬಿದ ಮನೆ ಕೊಟ್ಟಿಗೆಯಲ್ಲಿ ಮರಕ್ಕೆ ನುಣುಪಾದ ಪಾಲಿಶ್ ಪಡೆಯುವುದು ಹೇಗೆ?

ಕಿನ್ನಿಗೋಳಿಯ ಹವ್ಯಾಸಿ

ಎಲ್ಲರಿಗೂ ನಮಸ್ಕಾರ. ಮನೆಯ ಹಿತ್ತಿಲಿನ ಹಳೆಯ ಸೌದೆ ಕೊಟ್ಟಿಗೆಯಲ್ಲಿ ಬಿಡುವಿನ ವೇಳೆ ಮರಗೆಲಸ ಮಾಡುತ್ತೇನೆ. ಗೋಡೆಗಳು ಗಾರೆ ಹಚ್ಚದ ಮುರಕಲ್ಲಿನವು, ಮೇಲೆ ಹಂಚಿನ ಮಾಡು, ನೆಲಕ್ಕೆ ಒರಟು ಸಿಮೆಂಟು. ಗರಗಸ, ಸ್ಯಾಂಡರ್, ಪಾಲಿಶ್ ಡಬ್ಬಗಳು ಎಲ್ಲವೂ ಆ ಒಂದೇ ಕೋಣೆಯಲ್ಲಿವೆ. ಪಾಲಿಶ್ ಕೆಲಸಕ್ಕೆಂದೇ ಬೇರೆ ಕೋಣೆ ಕಟ್ಟುವ ಅನುಕೂಲ ಸದ್ಯಕ್ಕಿಲ್ಲ.

ನಮ್ಮ ತೋಟದ್ದೇ ಹಲಸಿನ ಹಲಗೆಗಳಿಂದ ಊಟದ ಮೇಜೊಂದನ್ನು ಮಾಡಿದ್ದೇನೆ. ಅದಕ್ಕೆ ಹಚ್ಚುವ ಮೊದಲು ಅದೇ ಮರದ ತುಂಡೊಂದರ ಮೇಲೆ ಎಣ್ಣೆ ಆಧಾರಿತ ಪಾಲಿಯುರೆಥೇನ್ ವಾರ್ನಿಷನ್ನು ಬ್ರಷ್‌ನಿಂದ ಹಚ್ಚಿ ನೋಡಿದೆ. ಹಚ್ಚಿದ ಕೂಡಲೇ ಕನ್ನಡಿಯಂತೆ ಹೊಳೆಯುತ್ತಿದ್ದ ಮೇಲ್ಮೈ, ಮರುದಿನ ಕೈಯಾಡಿಸಿದಾಗ ಉದ್ದಕ್ಕೂ ತರಿತರಿಯಾಗಿತ್ತು. ಬೇಗ ಒಣಗುವ ಲ್ಯಾಕರ್ ಬಳಸಿದರೆ ಧೂಳು ಕೂರಲು ಅವಕಾಶವೇ ಇರುವುದಿಲ್ಲ ಎಂದು ಅಂಗಡಿಯಲ್ಲಿ ಹೇಳುತ್ತಾರೆ. ಆದರೆ ಈಗ ಸೋಣ ತಿಂಗಳು (ಆಗಸ್ಟ್-ಸೆಪ್ಟೆಂಬರ್), ಮಳೆ ಇನ್ನೂ ಬಿಟ್ಟಿಲ್ಲ, ಈ ತೇವದಲ್ಲಿ ಲ್ಯಾಕರ್ ಬೆಳ್ಳಗಾಗುತ್ತದೆ ಎಂದು ಬಲ್ಲವರು ಎಚ್ಚರಿಸುತ್ತಾರೆ. ನವರಾತ್ರಿಯೊಳಗೆ ಮೇಜು ಮನೆಯೊಳಗೆ ಬರಬೇಕೆಂಬ ಆಸೆಯಿದೆ. ಯಾವ ದಾರಿ ಹಿಡಿಯಬೇಕು?

ಮಣಿಪಾಲದ ಮೇಷ್ಟ್ರು

ನೀವು ಕೇಳಿರುವುದು ನಮ್ಮ ಕರಾವಳಿಯಲ್ಲಿ ಮರಗೆಲಸ ಮಾಡುವ ಪ್ರತಿಯೊಬ್ಬರಿಗೂ ಎದುರಾಗುವ ಇಕ್ಕಟ್ಟು. ಧೂಳಿನಿಂದ ಪಾರಾಗಲು ಲೇಪ ಬೇಗ ಒಣಗಬೇಕು, ತೇವದಿಂದ ಪಾರಾಗಲು ಅದು ನಿಧಾನವಾಗಿ ಒಣಗಬೇಕು. ಈ ಎರಡರ ನಡುವೆ ದಾರಿ ಕಂಡುಕೊಳ್ಳಬೇಕಾದರೆ, ಧೂಳು ಮತ್ತು ತೇವ ಹೇಗೆ ವರ್ತಿಸುತ್ತವೆ ಎಂಬುದನ್ನು ಮೊದಲು ತಿಳಿದುಕೊಳ್ಳುವುದು ಒಳ್ಳೆಯದು.

ಮೊದಲು ಧೂಳು. ಕಣದ ಗಾತ್ರ ಅರ್ಧವಾದರೆ ಅದು ಗಾಳಿಯಲ್ಲಿ ಇಳಿಯುವ ವೇಗ ಕಾಲು ಭಾಗಕ್ಕೆ ತಗ್ಗುತ್ತದೆ. 50 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಗಾತ್ರದ ಕಣ ನಿಶ್ಚಲವಾದ ಗಾಳಿಯಲ್ಲಿ 3 ಮೀಟರ್ ಎತ್ತರದಿಂದ ಒಂದು ನಿಮಿಷದೊಳಗೆ ನೆಲ ಸೇರುತ್ತದೆ. 10 ಮೈಕ್ರಾನ್ ಕಣಕ್ಕೆ ಸುಮಾರು 15ರಿಂದ 20 ನಿಮಿಷ, 5 ಮೈಕ್ರಾನ್ ಕಣಕ್ಕೆ ಒಂದು ಗಂಟೆಗಿಂತ ಹೆಚ್ಚು, 2 ಮೈಕ್ರಾನ್ ಕಣಕ್ಕೆ ಆರು ಗಂಟೆಗಿಂತಲೂ ಹೆಚ್ಚು ಸಮಯ ಬೇಕಾಗುತ್ತದೆ. ಹಂಚಿನ ಸಂದಿಗಳಿಂದ ಗಾಳಿಯಾಡುವ ಕೊಟ್ಟಿಗೆಯಲ್ಲಿ ಗಾಳಿ ನಿಶ್ಚಲವಾಗಿ ಇರುವುದೇ ಇಲ್ಲ. ಆದ್ದರಿಂದ ಈ ಸಮಯ ಇನ್ನೂ ಹಿಗ್ಗುತ್ತದೆ. ಉಜ್ಜುವ ಕೆಲಸ ಮುಗಿಸಿ ಅರ್ಧ ಗಂಟೆ ಬಿಟ್ಟು ಬ್ರಷ್ ಹಿಡಿಯುವವರಿಗೆ ಗಾಳಿ ತಿಳಿಯಾಗಿ ಕಂಡರೂ, ಆ ಹೊತ್ತಿನಲ್ಲಿ ನಯವಾದ ಹುಡಿಯೆಲ್ಲ ಇನ್ನೂ ಗಾಳಿಯಲ್ಲೇ ಇರುತ್ತದೆ.

ಇಷ್ಟು ಸಣ್ಣ ಕಣ ಕೈಗೆ ಅಷ್ಟು ಒರಟಾಗಿ ತಾಗುವುದು ಏಕೆಂದರೆ, ಹಸಿ ವಾರ್ನಿಷ್ ತನ್ನ ಮೇಲ್ಮೈ ಸೆಳೆತದಿಂದ ಕಣದ ಸುತ್ತ ಮೇಲಕ್ಕೇರಿ ಒಂದು ಸಣ್ಣ ದಿಬ್ಬವನ್ನು ಕಟ್ಟುತ್ತದೆ. ನಾವು ಮುಟ್ಟುವುದು ಧೂಳನ್ನಲ್ಲ, ಆ ದಿಬ್ಬವನ್ನು. ಲೇಪ ದಪ್ಪವಾಗಿದ್ದಷ್ಟೂ, ಹಸಿಯಾಗಿ ಉಳಿದ ಸಮಯ ಉದ್ದವಾದಷ್ಟೂ ದಿಬ್ಬಗಳು ಹೆಚ್ಚುತ್ತವೆ.

ಇನ್ನು ತೇವ. ಲ್ಯಾಕರ್‌ನ ಥಿನ್ನರ್, ಅಂದರೆ ಅದನ್ನು ತೆಳುವಾಗಿಸುವ ದ್ರಾವಕ, ಆವಿಯಾಗುವಾಗ ಹಲಗೆಯ ಮೇಲ್ಮೈಯಿಂದ ಶಾಖವನ್ನು ಹೀರಿಕೊಳ್ಳುತ್ತದೆ, ಮೇಲ್ಮೈ ಕೆಲವು ಡಿಗ್ರಿ ತಣಿಯುತ್ತದೆ. ಉಷ್ಣಾಂಶ 28 ಡಿಗ್ರಿ, ಆರ್ದ್ರತೆ ಶೇ. 90 ಇರುವ ಮಳೆಗಾಲದ ದಿನ ಇಬ್ಬನಿ ಕಟ್ಟುವ ಉಷ್ಣಾಂಶ ಸುಮಾರು 26 ಡಿಗ್ರಿ. ಅಂದರೆ ಎರಡೇ ಡಿಗ್ರಿ ತಣಿದರೂ ಗಾಳಿಯ ನೀರು ಹಸಿ ಲೇಪದ ಮೇಲೆ ಕೂತು ಬಿಳಿ ಮಂಜು ಕವಿಯುತ್ತದೆ. ಅದೇ ಡಿಸೆಂಬರಿನ ಒಂದು ಒಣ ದಿನ 30 ಡಿಗ್ರಿ, ಶೇ. 60 ಇದ್ದರೆ ಆ ಉಷ್ಣಾಂಶ ಸುಮಾರು 21 ಡಿಗ್ರಿಗೆ ಇಳಿಯುತ್ತದೆ. ಒಂಬತ್ತು ಡಿಗ್ರಿಗಳ ಅಂತರ ಸಿಕ್ಕಿದರೆ ಲ್ಯಾಕರ್‌ಗೆ ಯಾವ ಭಯವೂ ಇಲ್ಲ. ಆದುದರಿಂದ ಲ್ಯಾಕರ್ ಕೆಟ್ಟದ್ದು ಅಥವಾ ಒಳ್ಳೆಯದು ಎಂಬ ಪ್ರಶ್ನೆಯೇ ನಮ್ಮಲ್ಲಿ ಸರಿಯಾದುದಲ್ಲ. ಯಾವ ತಿಂಗಳು, ದಿನದ ಯಾವ ಹೊತ್ತು ಎಂದು ಕೇಳಬೇಕು.

ಕಾರ್ಕಳದ ಆಚಾರಿ

ಮೇಷ್ಟ್ರು ಹೇಳಿದ ಲೆಕ್ಕ ನಮ್ಮ ಅನುಭವಕ್ಕೆ ಸರಿಯಾಗಿ ಹೊಂದುತ್ತದೆ. ನಾನು ಕೆಲಸಗಾರನ ಕಡೆಯಿಂದ ಒಂದೆರಡು ಮಾತು ಸೇರಿಸುತ್ತೇನೆ.

ಧೂಳನ್ನು ಹೇಗೆ ಓಡಿಸುವುದು ಎಂದು ಯೋಚಿಸುವ ಮೊದಲು, ಧೂಳನ್ನು ಮಾಡದೆ ಇರುವುದು ಹೇಗೆ ಎಂದು ಯೋಚಿಸಬೇಕು. ಈಗಿನವರು ಗರಗಸ ಇಳಿಸಿದ ಕೂಡಲೇ ಸ್ಯಾಂಡರ್ ಎತ್ತಿಕೊಳ್ಳುತ್ತಾರೆ. ಹರಿತವಾದ ಕೀಸುಳಿಯಿಂದ ತೆಗೆದ ಸಿಪ್ಪೆ ಸುರುಳಿಯಾಗಿ ಕಾಲ ಬಳಿ ಬೀಳುತ್ತದೆ, ಗಾಳಿಗೆ ಏರುವುದಿಲ್ಲ. ಕೀಸುಳಿ ತಾಗಿ ನಾರು ಕಿತ್ತು ಬರುವ ಕಡೆ, ಹಲಸಿನ ಅಡ್ಡಾದಿಡ್ಡಿ ಎಳೆಗಳಲ್ಲಿ ಅದು ಸಾಮಾನ್ಯ, ನಮ್ಮ ಹಿರಿಯರು ಒಡೆದ ಗಾಜಿನ ಚೂರಿನ ಅಂಚಿನಿಂದ ಹೆರೆಯುತ್ತಿದ್ದರು. ಈಗ ಅದಕ್ಕೆಂದೇ ಉಕ್ಕಿನ ತೆಳು ತಗಡು ಸಿಗುತ್ತದೆ, ಕೈಗೆ ಅದೇ ಸುರಕ್ಷಿತ. ಹೀಗೆ ಮಾಡಿದ ಹಲಗೆಗೆ 180 ಮತ್ತು 220 ನಂಬರಿನ (ನಂಬರು ಹೆಚ್ಚಿದಷ್ಟೂ ಪೇಪರು ನಯ) ಸ್ಯಾಂಡ್‌ಪೇಪರನ್ನು ಮರದ ಎಳೆಯ ಉದ್ದಕ್ಕೆ ಕೈಯಿಂದಲೇ ಸ್ವಲ್ಪ ಆಡಿಸಿದರೆ ಸಾಕು. ಮೇಲೆ ವಾರ್ನಿಷ್ ಪದರ ಬರುವುದಿದ್ದರೆ 220ರ ಆಚೆಗೆ ಹೋಗುವ ಅಗತ್ಯವೇ ಇಲ್ಲ. ತುದಿಯ ಅಡ್ಡ ಎಳೆಗೆ ಮಾತ್ರ 320ರವರೆಗೆ ಹೋಗಬೇಕು, ಇಲ್ಲವಾದರೆ ಅದು ಪಾಲಿಶನ್ನು ಹೆಚ್ಚು ಕುಡಿದು ಕಪ್ಪಾಗುತ್ತದೆ.

ಉಜ್ಜಿದ ದಿನ ಪಾಲಿಶ್ ಹಚ್ಚಬಾರದು. ಸಂಜೆ ಉಜ್ಜಿ, ಹಲಗೆಯ ರಂಧ್ರಗಳಿಂದ ಹುಡಿಯನ್ನು ಮೆತ್ತನೆಯ ಬ್ರಷ್‌ನಿಂದ ಎಬ್ಬಿಸಿ, ಬಾಗಿಲು ಹಾಕಿ ಮನೆಗೆ ಹೋಗಬೇಕು. ಬೆಳಿಗ್ಗೆ ನೆಲವನ್ನು ಗುಡಿಸದೆ ಒದ್ದೆ ಬಟ್ಟೆಯಿಂದ ಒರಸಬೇಕು. ಅನಂತರ ಖನಿಜ ಟರ್ಪೆಂಟೈನ್‌ನಲ್ಲಿ ಹಿಂಡಿದ ಹಳೆಯ ಹತ್ತಿ ಬಟ್ಟೆಯಿಂದ ಹಲಗೆಯನ್ನು ಒರಸಿದರೆ ಉಳಿದ ಹುಡಿ ಬರುವುದರ ಜೊತೆಗೆ, ಅಂಟಿನ ಕಲೆ, ಸ್ಯಾಂಡ್‌ಪೇಪರಿನ ಗೀರು ಎಲ್ಲವೂ ಒದ್ದೆಯಲ್ಲಿ ಕಣ್ಣಿಗೆ ಬೀಳುತ್ತವೆ. ಅವನ್ನು ತಿದ್ದಲು ಅದು ಕೊನೆಯ ಅವಕಾಶ. ಒಣ ಬಟ್ಟೆಯಿಂದ ಜೋರಾಗಿ ತಿಕ್ಕಬೇಡಿ. ತಿಕ್ಕಿದರೆ ಮೇಲ್ಮೈಯಲ್ಲಿ ವಿದ್ಯುದಂಶ ಹುಟ್ಟಿ ಒರಸಿದ ಧೂಳನ್ನೇ ಮತ್ತೆ ಎಳೆದುಕೊಳ್ಳುತ್ತದೆ.

ಉಳ್ಳಾಲದ ಸಹಕರ್ಮಿ

ನಮ್ಮ ಮನೆ ಕಡಲಿಗೆ ಬಹಳ ಹತ್ತಿರ. ಮಳೆಗಾಲದಲ್ಲಿ ಮಕ್ಕಳ ತೊಟ್ಟಿಲು, ಮಣೆ, ಸಣ್ಣ ಕಪಾಟುಗಳನ್ನು ಮುಗಿಸಿಕೊಡಬೇಕಾಗಿ ಬರುವುದರಿಂದ ನಾನು ಬ್ರಷ್ ಮತ್ತು ಸ್ಪ್ರೇ ಗನ್ ಎರಡನ್ನೂ ಬಿಟ್ಟು ಬಟ್ಟೆಯಿಂದ ಹಚ್ಚುವ ಕ್ರಮಕ್ಕೆ ಬಂದಿದ್ದೇನೆ. ನಿಮ್ಮ ಕೊಟ್ಟಿಗೆಗೆ, ಈ ತಿಂಗಳಿಗೆ, ಇದಕ್ಕಿಂತ ಸೂಕ್ತವಾದದ್ದು ಇನ್ನೊಂದಿಲ್ಲ ಎಂದು ನನ್ನ ಖಚಿತ ಅಭಿಪ್ರಾಯ.

ನಿಮ್ಮಲ್ಲಿ ಈಗಾಗಲೇ ಇರುವ ಅದೇ ಎಣ್ಣೆ ಆಧಾರಿತ ಒಂದೇ ಡಬ್ಬದ ಪಾಲಿಯುರೆಥೇನನ್ನು ಸಮಪಾಲು ಖನಿಜ ಟರ್ಪೆಂಟೈನ್ ಬೆರೆಸಿ ತೆಳುವಾಗಿಸಿಕೊಳ್ಳಿ. ನಾರು ಬಿಡದ ಹಳೆಯ ಪಂಚೆಯ ತುಂಡನ್ನು ಮಡಚಿ ಅದರಿಂದ ಧಾರಾಳವಾಗಿ ಹಚ್ಚಿ, ಐದು ಹತ್ತು ನಿಮಿಷ ಬಿಟ್ಟು, ಇನ್ನೊಂದು ಒಣ ಬಟ್ಟೆಯಿಂದ ಹೆಚ್ಚಾದುದನ್ನೆಲ್ಲ ಒರಸಿ ತೆಗೆಯಿರಿ. ಉಳಿಯುವುದು ಬಹಳ ತೆಳುವಾದ ಒಂದು ಪದರ. ಮೇಷ್ಟ್ರು ವಿವರಿಸಿದ ದಿಬ್ಬ ಕಟ್ಟಲು ಅಲ್ಲಿ ಸಾಮಗ್ರಿಯೇ ಇರುವುದಿಲ್ಲ. ಟರ್ಪೆಂಟೈನ್ ಲ್ಯಾಕರ್ ಥಿನ್ನರಿಗಿಂತ ನಿಧಾನವಾಗಿ ಆವಿಯಾಗುವುದರಿಂದ ಮೇಲ್ಮೈ ಅಷ್ಟಾಗಿ ತಣಿಯುವುದಿಲ್ಲ, ಬೆಳ್ಳಗಾಗುವ ಪ್ರಮೇಯವೂ ಬರುವುದಿಲ್ಲ. ಹಗಲಲ್ಲಿ ಒಂದು ಪದರ ಹಚ್ಚಿದರೆ ಮರುದಿನ ಇನ್ನೊಂದು. ಮಳೆ ಜೋರಾಗಿರುವ ವಾರ ಎರಡು ದಿನಕ್ಕೊಂದು. ಎರಡು ಪದರಗಳ ನಡುವೆ 320ರ ಪೇಪರನ್ನು ಹಗುರವಾಗಿ ಆಡಿಸಿ ಒರಸಿಕೊಳ್ಳಬೇಕು, ಏಕೆಂದರೆ ಪಾಲಿಯುರೆಥೇನ್ ತನ್ನ ಹಿಂದಿನ ಪದರವನ್ನು ಕರಗಿಸಿ ಒಂದಾಗುವುದಿಲ್ಲ, ಗೀರುಗಳಿಗೆ ಕಚ್ಚಿಕೊಂಡೇ ನಿಲ್ಲುತ್ತದೆ. ಊಟದ ಮೇಜಿಗೆ ಇಂಥ ಆರೇಳು ಪದರಗಳಾದರೂ ಬೇಕು. ತಾಳ್ಮೆ ಬೇಡುವ ಕೆಲಸ ನಿಜ. ಆದರೆ ಪ್ರತಿ ಪದರದ ಕೆಲಸ ಅರ್ಧ ಗಂಟೆಯದ್ದು.

ಒಂದು ವಿಷಯವನ್ನು ಒತ್ತಿ ಹೇಳಲೇಬೇಕು. ಎಣ್ಣೆ ವಾರ್ನಿಷ್ ಅಥವಾ ಅಗಸೆ ಎಣ್ಣೆ ಒರಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಎಣ್ಣೆ ಗಾಳಿಯ ಆಮ್ಲಜನಕದೊಂದಿಗೆ ಸೇರಿ ಗಟ್ಟಿಯಾಗುವಾಗ ಶಾಖ ಹೊರಡುತ್ತದೆ. ಮುದ್ದೆಯೊಳಗೆ ಆ ಶಾಖಕ್ಕೆ ಹೊರದಾರಿ ಇಲ್ಲದೆ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಲ್ಲದು. ಮರದ ಹುಡಿ ಮತ್ತು ಸೌದೆ ಇರುವ ಕೊಟ್ಟಿಗೆಯಲ್ಲಿ ಇದು ಮನೆಗೇ ಅಪಾಯ. ಬಟ್ಟೆಗಳನ್ನು ಅಂಗಳದ ತಂತಿಯ ಮೇಲೆ ಒಂದೊಂದಾಗಿ ಬಿಡಿಸಿ ಹರಡಿ ಗಟ್ಟಿಯಾದ ಮೇಲೆ ಬಿಸಾಡಿ; ಮಳೆ ಇದ್ದರೆ ನೀರು ತುಂಬಿದ ತಗಡಿನ ಡಬ್ಬದಲ್ಲಿ ಮುಳುಗಿಸಿ ಮುಚ್ಚಳ ಹಾಕಿಡಿ.

ಕಿನ್ನಿಗೋಳಿಯ ಹವ್ಯಾಸಿ

ಇಷ್ಟು ವಿವರವಾಗಿ ಬರೆದುದಕ್ಕೆ ಎಲ್ಲರಿಗೂ ಕೃತಜ್ಞತೆಗಳು. ಬಟ್ಟೆಯಿಂದ ಹಚ್ಚುವ ಕ್ರಮ ನನಗೆ ಒಪ್ಪಿಗೆಯಾಗಿದೆ. ಆದರೂ ಎರಡು ಸಂದೇಹಗಳಿವೆ. ಮುರಕಲ್ಲಿನ ಗೋಡೆಯಿಂದ ಕೆಂಪು ಹುಡಿ ಸದಾ ಉದುರುತ್ತಿರುತ್ತದೆ, ಹಂಚಿನ ಮೇಲೆ ಹೆಗ್ಗಣ ಓಡಿದರೂ ಮಸಿ ಬೀಳುತ್ತದೆ. ಇದಕ್ಕೇನು ಮಾಡಲಿ? ಮತ್ತೆ, ಆಚಾರಿಯವರು ಹೇಳಿದಂತೆ ನೆಲ ಒದ್ದೆ ಮಾಡಿದರೆ ಕೋಣೆಯ ತೇವ ಇನ್ನೂ ಏರುವುದಿಲ್ಲವೇ? ಒಂದು ಎಕ್ಸಾಸ್ಟ್ ಫ್ಯಾನ್ ಕೂರಿಸಿದರೆ ಎರಡಕ್ಕೂ ಪರಿಹಾರವಾದೀತೇ?

ಕಾರ್ಕಳದ ಆಚಾರಿ

ಎಣ್ಣೆ ವಾರ್ನಿಷಿಗೆ ಒರಸಿದ ನೆಲದ ತೇವದಿಂದ ತೊಂದರೆಯಿಲ್ಲ. ಲ್ಯಾಕರ್ ಅಥವಾ ಅರಗಿನ ಸ್ಪಿರಿಟ್ ಪಾಲಿಶ್ ಮಾಡುವ ದಿನ ಮಾತ್ರ ನೆಲ ಪೂರ್ತಿ ಒಣಗುವವರೆಗೆ ಕಾಯಬೇಕು. ಸ್ಪಿರಿಟ್ ಪಾಲಿಶ್ ಕೂಡ ತೇವಕ್ಕೆ ಬೆಳ್ಳಗಾಗುತ್ತದೆ ಎಂಬುದು ಅನೇಕರಿಗೆ ತಿಳಿದಿಲ್ಲ.

ಗೋಡೆಗೆ ಗಾರೆ ಮಾಡಿಸುವ ಖರ್ಚು ಬೇಡವಾದರೆ ಎರಡು ಕೈ ಸುಣ್ಣವನ್ನಾದರೂ ಬಳಿಯಿರಿ, ಸಡಿಲವಾದ ಹುಡಿ ಅಷ್ಟರ ಮಟ್ಟಿಗೆ ಹಿಡಿದು ನಿಲ್ಲುತ್ತದೆ. ಮಾಡಿನ ಕೆಳಗೆ, ಪಕ್ಕಾಸುಗಳಿಗೆ ಟಾರ್ಪಾಲನ್ನು ಬಿಗಿಯಾಗಿ ಕಟ್ಟಿ. ಇಷ್ಟಾದರೆ ಮೇಲಿಂದ ಬೀಳುವುದು ನಿಲ್ಲುತ್ತದೆ.

ಮಣಿಪಾಲದ ಮೇಷ್ಟ್ರು

ಎಕ್ಸಾಸ್ಟ್ ಫ್ಯಾನ್ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಭಿನ್ನವಾಗಿದೆ. ಫ್ಯಾನ್ ಗಾಳಿಯನ್ನು ಹೊರಗೆ ತಳ್ಳಿದಾಗ ಅಷ್ಟೇ ಗಾಳಿ ಎಲ್ಲಿಂದಲಾದರೂ ಒಳಗೆ ಬರಲೇಬೇಕು. ನಿಮ್ಮ ಕೊಟ್ಟಿಗೆಯಲ್ಲಿ ಅದು ಹಂಚಿನ ಸಂದಿ, ಗೋಡೆಯ ಬಿರುಕು, ಬಾಗಿಲಿನ ಅಡಿಗಳಿಂದ ಬರುತ್ತದೆ, ಬರುವಾಗ ಅಲ್ಲಿನ ಧೂಳನ್ನೆಲ್ಲ ಹೊತ್ತು ತಂದು ಹಸಿ ಮೇಜಿನ ಮೇಲೆ ಸುರಿಯುತ್ತದೆ. ಗಾಳಿಯನ್ನು ಒಳಗೆ ತಳ್ಳುವ ಫ್ಯಾನೊಂದನ್ನು ಕಿಟಕಿಗೆ ಕೂರಿಸಿ, ಅದರ ಮುಂದೆ ಮಡಿಕೆಗಳಿರುವ ದಪ್ಪ ಫಿಲ್ಟರನ್ನು ಕಟ್ಟಿದರೆ ಕೋಣೆಯೊಳಗಿನ ಒತ್ತಡ ಹೊರಗಿಗಿಂತ ತುಸು ಹೆಚ್ಚಾಗಿ, ಸಂದಿಗಳಿಂದ ಗಾಳಿ ಹೊರಗೆ ಹೋಗುತ್ತದೆಯೇ ಹೊರತು ಒಳಗೆ ಬರುವುದಿಲ್ಲ. ಇನ್ನೊಂದು ಕಾರಣವೂ ಇದೆ. ಸಾಮಾನ್ಯ ಎಕ್ಸಾಸ್ಟ್ ಫ್ಯಾನಿನ ಮೋಟಾರು ಹೊರಹೋಗುವ ಗಾಳಿಯ ದಾರಿಯಲ್ಲೇ ಇರುತ್ತದೆ. ಥಿನ್ನರ್ ಆವಿ ತುಂಬಿದ ಗಾಳಿ ಅದರ ಮೂಲಕ ಹಾದುಹೋಗುವಾಗ ಒಂದು ಕಿಡಿ ಸಾಕು. ಒಳಗೆ ತಳ್ಳುವ ಫ್ಯಾನಿಗೆ ಈ ಅಪಾಯ ಕಡಿಮೆ.

ಆದರೆ ಬಟ್ಟೆಯಿಂದ ತೆಳು ಪದರ ಹಚ್ಚುವವರಿಗೆ ಇದಾವುದೂ ಅನಿವಾರ್ಯವಲ್ಲ. ನಾಲ್ಕು ಬಿದಿರಿನ ಕೋಲುಗಳ ಮೇಲೆ ಸ್ವಚ್ಛವಾದ ಪ್ಲಾಸ್ಟಿಕ್ ಹಾಳೆಯನ್ನು ಚಪ್ಪರದಂತೆ ಹೊದಿಸಿ, ಬದಿಗಳನ್ನು ಗಾಳಿಯಾಡಲು ಅರ್ಧ ತೆರೆದಿಟ್ಟು, ಅದರ ಅಡಿಯಲ್ಲಿ ಮೇಜಿನ ಹಲಗೆಯನ್ನು ಒಣಗಲು ಬಿಡಿ. ಒರಸಿದ ಪದರ ಜಾರಿ ಇಳಿಯುವುದಿಲ್ಲವಾದ್ದರಿಂದ ಹಲಗೆಯನ್ನು ಗೋಡೆಗೆ ಒರಗಿಸಿ ಲಂಬವಾಗಿ ನಿಲ್ಲಿಸಬಹುದು. ಆಗ ಧೂಳು ಬೀಳಲು ಮೇಲ್ಮುಖವೇ ಇರುವುದಿಲ್ಲ. ಮನೆ ಹೆದ್ದಾರಿ 66ರ ಬದಿಗಿದ್ದವರು ಆ ದಿಕ್ಕಿನ ಬಾಗಿಲನ್ನು ಮುಚ್ಚಿಡಬೇಕು ಎಂದು ಬೇರೆ ಹೇಳಬೇಕಾಗಿಲ್ಲ.

ಬ್ರಹ್ಮಾವರದ ಓದುಗ

ಇಲ್ಲಿಯವರೆಗೆ ಬಂದ ಮಾತೆಲ್ಲವೂ ಧೂಳು ಬೀಳದಂತೆ ನೋಡಿಕೊಳ್ಳುವುದರ ಕುರಿತು. ಬಿದ್ದ ಮೇಲೆ ಏನು ಮಾಡಬೇಕು ಎಂಬುದು ನನ್ನ ದೃಷ್ಟಿಯಲ್ಲಿ ಅಷ್ಟೇ ಮುಖ್ಯ. ಎಷ್ಟೇ ಎಚ್ಚರ ವಹಿಸಿದರೂ ಮನೆ ಕೊಟ್ಟಿಗೆಯಲ್ಲಿ ನಾಲ್ಕು ಕಣ ಕೂತೇ ಕೂರುತ್ತವೆ. ಕೊನೆಯ ಪದರ ಒಣಗಿದ ಮೇಲೆ ಅದನ್ನು ತಿಕ್ಕಿ ನುಣುಪು ಮಾಡುವುದನ್ನು ಪಾಲಿಶ್ ಕೆಲಸದ ಒಂದು ಹಂತವೆಂದೇ ಎಣಿಸಿಕೊಳ್ಳಬೇಕು.

ಎಣ್ಣೆ ವಾರ್ನಿಷ್ ಮುಟ್ಟಲು ಒಣಗಿದಂತಿದ್ದರೂ ಒಳಗಿನಿಂದ ಗಟ್ಟಿಯಾಗಲು ಮೂರು ನಾಲ್ಕು ವಾರ ಬೇಕು, ಮಳೆಗಾಲದಲ್ಲಿ ಇನ್ನೂ ಹೆಚ್ಚು. ಅಷ್ಟು ಕಾದ ಮೇಲೆ ಎರಡು ಹನಿ ಪಾತ್ರೆ ತೊಳೆಯುವ ಸೋಪು ಬೆರೆಸಿದ ನೀರಿನಲ್ಲಿ 600ರ ವಾಟರ್ ಪೇಪರನ್ನು ಒದ್ದೆ ಮಾಡಿ, ಚಪ್ಪಟೆಯಾದ ರಬ್ಬರ್ ತುಂಡಿಗೆ ಸುತ್ತಿ, ಭಾರ ಹಾಕದೆ ಆಡಿಸಬೇಕು. ಅನಂತರ 1000, ಆ ಮೇಲೆ ಹೆಚ್ಚು ಹೊಳಪು ಬೇಕಾದವರಿಗೆ 1500. ಅಂಚುಗಳಲ್ಲಿ ಪದರ ತೆಳುವಾಗಿರುವುದರಿಂದ ಅಲ್ಲಿ ಕೈ ತಡೆಯಬೇಕು. ಬಟ್ಟೆಯಿಂದ ಹಚ್ಚಿದ ಪದರಗಳು ಒಟ್ಟಾಗಿಯೂ ತೆಳುವೇ ಆದ್ದರಿಂದ ನೀವು 1000ದಿಂದಲೇ ಆರಂಭಿಸುವುದು ಕ್ಷೇಮ. ಕೊನೆಗೆ ಮೇಣ ಹಚ್ಚಿ ಒರಸಿದರೆ ಸಾಕು.

ಪುಸ್ತಕಗಳಲ್ಲಿ ಈ ಹಂತಕ್ಕೆ ಉಕ್ಕಿನ ನಾರನ್ನು ಹೇಳಿರುತ್ತಾರೆ. ನಮ್ಮ ಕರಾವಳಿಗೆ ಅದು ಹೊಂದುವುದಿಲ್ಲ. ಮುರಿದ ಉಕ್ಕಿನ ಎಳೆಗಳು ಮರದ ರಂಧ್ರಗಳಲ್ಲಿ ಸಿಕ್ಕಿಕೊಂಡು ಉಪ್ಪುಗಾಳಿಗೆ ತುಕ್ಕು ಹಿಡಿಯುತ್ತವೆ. ಟ್ಯಾನಿನ್ ಎಂಬ ಒಗರಿನ ಅಂಶ ಹೆಚ್ಚಿರುವ ಮತ್ತಿಯಂಥ ಮರದಲ್ಲಿ ಕಬ್ಬಿಣ ತಾಗಿದಲ್ಲೆಲ್ಲ ನೀಲಿಗಪ್ಪು ಚುಕ್ಕೆ ಏಳುತ್ತದೆ, ಅದನ್ನು ಮತ್ತೆ ತೆಗೆಯುವುದು ಬಹಳ ಕಷ್ಟ. ನೈಲಾನ್ ನಾರಿನ ನಯವಾದ ಪ್ಯಾಡು ಅದೇ ಕೆಲಸವನ್ನು ತೊಂದರೆಯಿಲ್ಲದೆ ಮಾಡುತ್ತದೆ.

ಉಳ್ಳಾಲದ ಸಹಕರ್ಮಿ

ಬ್ರಹ್ಮಾವರದವರ ಮಾತಿಗೆ ನನ್ನ ಪೂರ್ಣ ಸಹಮತವಿದೆ. ಮುಖಕ್ಕೆ ಕಟ್ಟಿಕೊಳ್ಳುವುದರ ಬಗ್ಗೆ ಯಾರೂ ಹೇಳಲಿಲ್ಲವಾದ್ದರಿಂದ ಸೇರಿಸುತ್ತೇನೆ. ಮರದ ಹುಡಿಯನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವುದು ಖಚಿತವಾಗಿರುವ ಮೊದಲ ಗುಂಪಿನಲ್ಲಿ ಸೇರಿಸಿದೆ. ಉಜ್ಜುವಾಗ ಎನ್95 ಮಾಸ್ಕ್ ಸಾಕು, ಆದರೆ ಆ ಮಾಸ್ಕ್ ಥಿನ್ನರ್ ಆವಿಯನ್ನು ಸ್ವಲ್ಪವೂ ತಡೆಯುವುದಿಲ್ಲ. ಅದಕ್ಕೆ ಇದ್ದಿಲಿನ ಕಾರ್ಟ್ರಿಜ್ ಇರುವ ಬೇರೆ ಮಾಸ್ಕ್ ಬೇಕು. ಎರಡು ಡಬ್ಬಗಳನ್ನು ಬೆರೆಸುವ ಪಿ.ಯು. (ಪಾಲಿಯುರೆಥೇನ್) ಪಾಲಿಶನ್ನು ಮನೆಯಲ್ಲಿ ಗನ್ ಹಿಡಿದು ಹೊಡೆಯುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ಅದರ ಗಟ್ಟಿಕಾರಕದಲ್ಲಿರುವ ಐಸೊಸೈನೇಟ್ ಅಸ್ತಮಾಕ್ಕೆ ಕಾರಣವಾಗಬಲ್ಲದು. ಮಿಗಿಲಾಗಿ ಅದು ಗಾಳಿಯ ತೇವದೊಂದಿಗೆ ಸೇರಿ ಇಂಗಾಲದ ಡೈಆಕ್ಸೈಡ್ ಬಿಡುವುದರಿಂದ ನಮ್ಮ ಮಳೆಗಾಲದಲ್ಲಿ ಪದರದೊಳಗೆ ಗುಳ್ಳೆಗಳೇಳುತ್ತವೆ.

ಕಿನ್ನಿಗೋಳಿಯ ಹವ್ಯಾಸಿ

ಹಾಗಾದರೆ ನವರಾತ್ರಿಗೆ ಮೇಜು ಒಳಗೆ ಬರುತ್ತದೆ, ಕೊನೆಯ ತಿಕ್ಕುವಿಕೆ ದೀಪಾವಳಿಯ ನಂತರ ಎಂದು ನಿರ್ಧರಿಸಿದ್ದೇನೆ. ಮರ ಈಗ ಪಾಲಿಶ್‌ಗೆ ಸಾಕಷ್ಟು ಒಣಗಿದೆಯೇ ಎಂದು ತಿಳಿಯುವುದು ಹೇಗೆ? ಹಲಗೆಗಳು ಅಟ್ಟದ ಮೇಲೆ ಬಹಳ ವರ್ಷಗಳಿಂದ ಇದ್ದವು. ಮತ್ತೆ, ಬೇಸಗೆಯಲ್ಲಿ ಎರಡು ಕಪಾಟಿನ ಬಾಗಿಲುಗಳಿಗೆ ಲ್ಯಾಕರ್ ಮಾಡುವುದಾದರೆ ಹೊತ್ತು ಯಾವುದು?

ಮಣಿಪಾಲದ ಮೇಷ್ಟ್ರು

ಎಷ್ಟೇ ಹಳೆಯ ಹಲಗೆಯಾದರೂ ಅದು ಇರುವ ಗಾಳಿಗೆ ಹೊಂದಿಕೊಂಡು ತೇವ ಹೀರುತ್ತದೆ. ಆರ್ದ್ರತೆ ಶೇ. 65ರ ಆಸುಪಾಸಿನಲ್ಲಿದ್ದರೆ ಮರದ ತೇವಾಂಶ ಸುಮಾರು ಶೇ. 12ಕ್ಕೆ ನಿಲ್ಲುತ್ತದೆ, ಶೇ. 90ರ ಗಾಳಿಯಲ್ಲಿ ವಾರಗಟ್ಟಲೆ ಇದ್ದರೆ ಶೇ. 20ರ ಹತ್ತಿರ ಹೋಗುತ್ತದೆ. ತೇವ ಅಳೆಯುವ ಸಣ್ಣ ಮೀಟರನ್ನು ಕೊಳ್ಳಿರಿ, ಬಹಳ ಉಪಯೋಗಕ್ಕೆ ಬರುತ್ತದೆ. ಶೇ. 15ಕ್ಕಿಂತ ಮೇಲಿದ್ದರೆ ಹಲಗೆಯನ್ನು ಕೆಲವು ದಿನ ಮನೆಯೊಳಗೆ, ಅಡುಗೆಮನೆಯ ಪಕ್ಕದ ಬೆಚ್ಚನೆಯ ಕೋಣೆಯಲ್ಲಿ ಇಟ್ಟು ಮತ್ತೆ ಅಳೆಯಿರಿ.

ಲ್ಯಾಕರ್‌ಗೆ ಡಿಸೆಂಬರಿನಿಂದ ಫೆಬ್ರವರಿಯವರೆಗಿನ ದಿನಗಳು ಒಳ್ಳೆಯವು. ಬೆಳಗಿನ ಜಾವ ಇಬ್ಬನಿ ಇರುತ್ತದೆ, ಆಗ ಮುಟ್ಟಬಾರದು. ಬಿಸಿಲೇರಿ ಇಬ್ಬನಿ ಆರಿದ ಮೇಲೆ, ಮೂಡಣದ ಒಣಗಾಳಿ ಇನ್ನೂ ಇರುವಾಗ, ಪಡುವಣದಿಂದ ಕಡಲ ಗಾಳಿ ಏಳುವ ಮೊದಲು, ಅಂದರೆ ಸುಮಾರು ಹತ್ತರಿಂದ ಹನ್ನೆರಡರ ನಡುವೆ ಹೊಡೆದು ಮುಗಿಸಬೇಕು. ಕಡಲ ಗಾಳಿ ಬಂದರೆ ತೇವವೂ ಬರುತ್ತದೆ, ಅಂಗಳದ ಧೂಳೂ ಏಳುತ್ತದೆ. ಸಂಜೆ ದೀಪ ಹಾಕಿ ಕೆಲಸ ಮಾಡಿದರೆ ಹುಳಗಳು ಬಂದು ಹಸಿ ಪದರಕ್ಕೆ ಅಂಟಿಕೊಳ್ಳುತ್ತವೆ.

ಕಾರ್ಕಳದ ಆಚಾರಿ

ಮೇಜಿನ ಕೆಳಭಾಗವನ್ನು ಮರೆಯಬೇಡಿ. ಮೇಲ್ಭಾಗಕ್ಕೆ ಹಚ್ಚಿದಷ್ಟೇ ಪದರಗಳನ್ನು ಅಡಿಗೂ ಹಚ್ಚಬೇಕು. ಇಲ್ಲವಾದರೆ ಮುಂದಿನ ಮಳೆಗಾಲದಲ್ಲಿ ಅಡಿ ಮಾತ್ರ ತೇವ ಕುಡಿದು ಹಿಗ್ಗಿ ಹಲಗೆ ಬಾಗುತ್ತದೆ. ಅಡಿಯನ್ನು ಮೊದಲು ಮುಗಿಸಿ, ಮೇಲ್ಭಾಗವನ್ನು ಕೊನೆಗೆ ಇಟ್ಟುಕೊಳ್ಳಿ. ಅಡಿಯ ಮೊದಲ ಎರಡು ಪದರಗಳಲ್ಲಿ ನಿಮ್ಮ ಕೈ ಎಷ್ಟು ಒರಸಬೇಕು, ಎಷ್ಟು ಬಿಡಬೇಕು ಎಂಬ ಅಳತೆಯನ್ನು ಕಲಿತುಕೊಳ್ಳುತ್ತದೆ. ಕಾಲುಗಳು ನೆಲಕ್ಕೆ ತಾಗುವ ಅಡ್ಡ ಎಳೆಗೆ ನಾಲ್ಕೈದು ಬಾರಿ ವಾರ್ನಿಷ್ ಕುಡಿಸಿ, ಏಕೆಂದರೆ ನೆಲ ಒರಸುವ ನೀರು ದಿನವೂ ತಾಗುವುದು ಅಲ್ಲಿಗೆ.